ಗೋಡೆ ದಾಟುವ ಕಣ: ಥೋರಿಯಂ ಏಕೆ ಇಷ್ಟು ನಿಧಾನ?

ಗ್ಯಾಸ್‌ಲೈಟು ಎಂದರೇನೆಂದು ಊರ ಕಡೆಯ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಕರೆಂಟು ಬರುವುದಕ್ಕೆ ಮುಂಚೆ ಬಯಲಾಟ, ಮದುವೆಯ ದಿಬ್ಬಣ, ಜಾತ್ರೆಯ ಅಂಗಡಿಸಾಲು ಇವೆಲ್ಲ ಪೆಟ್ರೋಮ್ಯಾಕ್ಸ್ ದೀಪದ ಬೆಳಕಿನಲ್ಲೇ ನಡೆಯುತ್ತಿದ್ದವು. ಆ ದೀಪದೊಳಗೆ ಕಟ್ಟುತ್ತಿದ್ದ ನೂಲಿನ ಪುಟ್ಟ ಚೀಲಕ್ಕೆ ಮ್ಯಾಂಟಲ್ ಎಂದು ಹೆಸರು. ಒಮ್ಮೆ ಹೊತ್ತಿಸಿದರೆ ನೂಲು ಸುಟ್ಟುಹೋಗಿ, ಮುಟ್ಟಿದರೆ ಪುಡಿಯಾಗುವ ಬಿಳಿಯ ಜಾಲರಿಯೊಂದು ಉಳಿಯುತ್ತಿತ್ತು. ಆ ಜಾಲರಿ ಬಹುಪಾಲು ಥೋರಿಯಂ ಎಂಬ ಲೋಹದ ಆಕ್ಸೈಡು. ನೂರಕ್ಕೆ ಒಂದು ಪಾಲಿನಷ್ಟು ಸೀರಿಯಂ. ಈಚೆಗೆ ಹಲವು ತಯಾರಕರು ಥೋರಿಯಂ ಬಿಟ್ಟು ಬೇರೆ ವಸ್ತುಗಳನ್ನು ಹಿಡಿದಿದ್ದಾರೆ. ಏಕೆಂದರೆ ಥೋರಿಯಂ ವಿಕಿರಣಶೀಲ.

ದೀಪದ ಬೆಳಕಿಗೂ ಈ ವಿಕಿರಣಕ್ಕೂ ಸಂಬಂಧವಿಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ಬೆಳಕು ಬರುತ್ತಿದ್ದುದು ಜಾಲರಿ ಕಾದುದರಿಂದ. ವಿಕಿರಣವಾದರೋ ದೀಪ ಆರಿದ್ದರೂ, ಮ್ಯಾಂಟಲ್ ಅಂಗಡಿಯ ಪೊಟ್ಟಣದಲ್ಲಿದ್ದರೂ, ಥೋರಿಯಂ ಇನ್ನೂ ಕಡಲ ಮರಳಿನಲ್ಲಿದ್ದರೂ ನಡೆದೇ ಇರುತ್ತದೆ. ಕಾಯಿಸಿದರೆ ಹೆಚ್ಚದು, ತಣಿಸಿದರೆ ಕಡಿಮೆಯಾಗದು. ಒಂದು ಗ್ರಾಂ ಥೋರಿಯಂನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 4,000 ಪರಮಾಣುಗಳು ತಮ್ಮೊಳಗಿನಿಂದ ಒಂದೊಂದು ಚೂರನ್ನು ಹೊರಕ್ಕೆ ಎಸೆಯುತ್ತವೆ. ಈ ಚೂರಿಗೆ ಆಲ್ಫಾ ಕಣವೆಂದು 1899ರಲ್ಲಿ ಹೆಸರಿಟ್ಟವನು ರುದರ್‌ಫರ್ಡ್. ಅದು ಹೀಲಿಯಂ ಪರಮಾಣುವಿನ ತಿರುಳೇ ಎಂದು ಮುಂದೆ ಹತ್ತು ವರ್ಷಗಳೊಳಗೆ ಅವನೇ ತೋರಿಸಿಕೊಟ್ಟ.

4,000 ಎಂದರೆ ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ ಆ ಒಂದು ಗ್ರಾಮಿನಲ್ಲಿರುವ ಪರಮಾಣುಗಳು 26ರ ಮುಂದೆ 20 ಸೊನ್ನೆ ಇಟ್ಟಷ್ಟು. ಈ ದರದಲ್ಲಿ ಅರ್ಧ ಥೋರಿಯಂ ಮುಗಿಯಲು 1,405 ಕೋಟಿ ವರ್ಷ ಬೇಕು. ಇದನ್ನೇ ಅರ್ಧಾಯುಷ್ಯ ಎನ್ನುವುದು. ಭೂಮಿ ಹುಟ್ಟಿ ಸುಮಾರು 454 ಕೋಟಿ ವರ್ಷಗಳಾದವು. ಅಂದು ಇದ್ದ ಥೋರಿಯಂನಲ್ಲಿ ಐದರಲ್ಲಿ ನಾಲ್ಕು ಪಾಲು ಇಂದಿಗೂ ಹಾಗೆಯೇ ಇದೆ. ಕೇರಳದ ಕರಾವಳಿಯ ಮರಳಿನಲ್ಲಿ ದೊರೆಯುವ ಥೋರಿಯಂ ಈ ಉಳಿಕೆಯದೇ.

ಆಲ್ಫಾ ಕಣ ಹೊರಟುಹೋದ ಮೇಲೆ ಥೋರಿಯಂ ಥೋರಿಯಂ ಆಗಿ ಉಳಿಯುವುದಿಲ್ಲ, ರೇಡಿಯಂ ಆಗುತ್ತದೆ. ಅದೂ ಒಡೆಯುತ್ತದೆ, ಅದರ ಸಂತತಿಯೂ ಒಡೆಯುತ್ತದೆ. ಹೀಗೆ ಹತ್ತು ಹಂತಗಳಾದ ಮೇಲೆ ಸೀಸದಲ್ಲಿ ನಿಲ್ಲುತ್ತದೆ. ಈ ವಂಶಾವಳಿಯ ತುದಿಯಲ್ಲಿ, ಸೀಸವಾಗುವುದಕ್ಕೆ ಸ್ವಲ್ಪ ಮುಂಚೆ, ಮೂರರಲ್ಲಿ ಎರಡು ಪಾಲು ಪರಮಾಣುಗಳು ಪೊಲೊನಿಯಂ-212 ಎಂಬ ರೂಪ ತಾಳುತ್ತವೆ. ಇದೂ ಆಲ್ಫಾ ಕಣವನ್ನೇ ಎಸೆಯುತ್ತದೆ. ಆದರೆ ಇದರ ಅರ್ಧಾಯುಷ್ಯ ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು.

ಅಜ್ಜ 1,405 ಕೋಟಿ ವರ್ಷ, ಮೊಮ್ಮಗ ಕಣ್ಣು ಮಿಟುಕಿಸುವಷ್ಟೂ ಇಲ್ಲ. ಕೆಲಸ ಇಬ್ಬರದೂ ಒಂದೇ. ಈ ಎರಡು ಕಾಲಗಳ ನಡುವಿನ ಅಂತರ 1ರ ಮುಂದೆ 24 ಸೊನ್ನೆಗಳಷ್ಟು ಪಟ್ಟು. ಹಾಗಾದರೆ ಎಸೆದ ಕಣಗಳ ಬಲದಲ್ಲಿಯೂ ಅಂಥ ಅಂತರವಿರಬೇಕಲ್ಲವೆ? ಅಳೆದು ನೋಡಿದರೆ ಹಾಗಿಲ್ಲ. ಪರಮಾಣುವಿನ ಲೆಕ್ಕಕ್ಕೆ ಹತ್ತು ಲಕ್ಷ ಇಲೆಕ್ಟ್ರಾನ್-ವೋಲ್ಟು ಎಂಬ ಅಳತೆಯಿದೆ. ಇಲ್ಲಿ ಅದನ್ನು ‘ಮಾನ’ ಎಂದು ಕರೆಯೋಣ. ಥೋರಿಯಂನ ಕಣದ ಶಕ್ತಿ 4 ಮಾನ. ಪೊಲೊನಿಯಂನದು 8.8 ಮಾನ. ಗಾಳಿಯಲ್ಲಿ ಮೊದಲನೆಯದು ಸುಮಾರು ಎರಡೂವರೆ ಸೆಂಟಿಮೀಟರು ಹೋಗಿ ನಿಲ್ಲುತ್ತದೆ, ಎರಡನೆಯದು ಎಂಟೂವರೆ. ಶಕ್ತಿ ಎರಡು ಪಟ್ಟಾದರೆ ವೇಳೆ ಕೋಟಿ ಕೋಟಿ ಕೋಟಿ ಪಟ್ಟು ಕುಗ್ಗುವುದೆ? ಇಂಥ ನಂಟೊಂದಿದೆಯೆಂದು ಗೈಗರ್ ಮತ್ತು ನಟಾಲ್ ಎಂಬಿಬ್ಬರು 1911ರಲ್ಲೇ ಕಂಡುಕೊಂಡಿದ್ದರು: ದೂರ ಹೋಗುವ ಕಣ ಬೇಗ ಹೊರಡುತ್ತದೆ, ಹತ್ತಿರದಲ್ಲೇ ನಿಲ್ಲುವ ಕಣ ತಡವಾಗಿ ಹೊರಡುತ್ತದೆ. ಏಕೆ ಹಾಗೆ ಎಂಬುದು 17 ವರ್ಷ ಯಾರಿಗೂ ಹೊಳೆಯಲಿಲ್ಲ.

ಅದಕ್ಕಿಂತಲೂ ದೊಡ್ಡ ತೊಡಕು ಇನ್ನೊಂದಿತ್ತು. ಪರಮಾಣುವಿನ ನಡುವೆ, ಅದರ ತೂಕವನ್ನೆಲ್ಲ ಹೊತ್ತು, ಬೀಜಕೇಂದ್ರವಿದೆ. ಅದರಲ್ಲಿ ಧನವಿದ್ಯುತ್ತು ತುಂಬಿದೆ. ಆಲ್ಫಾ ಕಣವೂ ಧನವೇ. ಸಜಾತಿಯ ವಿದ್ಯುತ್ತು ಒಂದನ್ನೊಂದು ತಳ್ಳುತ್ತದೆ. ಆದ್ದರಿಂದ ಹೊರಗಿನಿಂದ ಬೀಜಕೇಂದ್ರದ ಕಡೆಗೆ ನಡೆಯುವ ಆಲ್ಫಾ ಕಣಕ್ಕೆ ಅದು ಬರಬರುತ್ತ ಕಡಿದಾಗುವ ಗುಡ್ಡದಂತೆ. ತೀರ ಒಳಗೆ ಮಾತ್ರ ಬೀಜಕೇಂದ್ರದ ಅಂಟುಬಲ ಕೈಗೆ ಸಿಕ್ಕಿ, ಗುಡ್ಡದ ನೆತ್ತಿಯಲ್ಲಿ ಬಾವಿ ತೋಡಿದಂತೆ ಒಂದು ಕುಳಿ ಇದೆ. ಆ ಕುಳಿಯೊಳಗೆ ಸಿಕ್ಕಿಕೊಂಡಿರುವುದೇ ನಮ್ಮ ಕಣ. ಥೋರಿಯಂನಲ್ಲಿ ಈ ಕುಳಿಯ ಅಂಚಿನ ಎತ್ತರ ಸುಮಾರು 27 ಮಾನ. ಕಣದ ಕೈಯಲ್ಲಿರುವುದು 4.

ಇಲ್ಲಿ ಲೆಕ್ಕ ಬರೆಯುವ ಮಿತ್ರರು ಸ್ವಲ್ಪ ನಿಂತು ನೋಡಬೇಕು. ಕಣ ಹೇಗೋ ಕಷ್ಟಪಟ್ಟು ನೆತ್ತಿಗೆ ಹತ್ತಿ ಹೊರಗೆ ಉರುಳಿತೆನ್ನಿ. ಆಗ 27 ಮಾನದ ಇಳಿಜಾರನ್ನು ಇಳಿದುಬಂದ ಕಣ ಬುಡದಲ್ಲಿ ಕನಿಷ್ಠ 27 ಮಾನದ ಓಟದಲ್ಲಿರಬೇಕು. ಹೊರಗೆ ಹಿಡಿದು ಅಳೆದರೆ ಸಿಗುವುದು 4 ಮಾತ್ರ. ಎಂದರೆ ಕಣ ನೆತ್ತಿಯ ಮೇಲೆ ಹಾದು ಬಂದೇ ಇಲ್ಲ. ಬಾಗಿಲಲ್ಲಿ ಅದರ ಹಾಜರಿ ಇಲ್ಲ, ಆದರೂ ಅದು ಬೀದಿಯಲ್ಲಿದೆ!

ಗುಡ್ಡವೇ ಅಷ್ಟು ಎತ್ತರವಿಲ್ಲವೇನೋ ಎಂದು ಕೇಳಬಹುದು. ರುದರ್‌ಫರ್ಡ್ ಅದನ್ನೂ ಪರೀಕ್ಷಿಸಿ ನೋಡಿದ. ಯುರೇನಿಯಂ ತಾನೇ ಉಗುಳುವ ಕಣ 4.2 ಮಾನದ್ದು. ಅದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಶಕ್ತಿಯ ಆಲ್ಫಾ ಕಣಗಳನ್ನು ಹೊರಗಿನಿಂದ ಯುರೇನಿಯಂ ಮೇಲೆ ಹಾಯಿಸಿದರೂ ಅವು ಗುಡ್ಡ ಹತ್ತಲಾರದೆ ಹಿಂದಕ್ಕೆ ಚೆದುರಿದುವು. ಇಮ್ಮಡಿ ಬಲದವನು ಒಳಗೆ ಬರಲಾರ, ಅರೆ ಬಲದವನು ಹೊರಗೆ ಹೋಗುತ್ತಾನೆ. ಇದನ್ನು ಹೊಂದಿಸಲು 1927ರಲ್ಲಿ ರುದರ್‌ಫರ್ಡ್ ಒಂದು ಉಪಾಯ ಸೂಚಿಸಿದ: ಆಲ್ಫಾ ಕಣ ಒಳಗಿರುವಾಗ ಎರಡು ಇಲೆಕ್ಟ್ರಾನುಗಳನ್ನು ಜೊತೆಗಿಟ್ಟುಕೊಂಡು ವಿದ್ಯುತ್ತಿಲ್ಲದಂತೆ ಆಗಿರುತ್ತದೆ, ಹಾಗೆಯೇ ಹೊರಟು ಸ್ವಲ್ಪ ದೂರ ಬಂದ ಮೇಲೆ ಇಲೆಕ್ಟ್ರಾನುಗಳು ಕಳಚಿಕೊಂಡು ಹಿಂದಿರುಗುತ್ತವೆ. ಕರ್ಜತ್ತಿನಲ್ಲಿ ಪುಣೆಯ ಗಾಡಿಗೆ ಹಿಂದಿನಿಂದ ಎಂಜಿನು ಜೋಡಿಸಿ, ಘಾಟು ಹತ್ತಿಸಿ, ಲೋನಾವಳದಲ್ಲಿ ಬಿಚ್ಚಿಬಿಡುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಉಪಾಯ ಜಾಣತನದ್ದೇ. ಸತ್ಯ ಮಾತ್ರ ಅದಾಗಿರಲಿಲ್ಲ.

1928ರ ಬೇಸಗೆಯಲ್ಲಿ ಲೆನಿನ್‌ಗ್ರಾಡಿನಿಂದ ಜರ್ಮನಿಯ ಗಾಟಿಂಗೆನ್ ಊರಿಗೆ ಜಾರ್ಜ್ ಗ್ಯಾಮೊ ಎಂಬ 24 ವರ್ಷದ ಯುವಕ ಬಂದ. ಬಂದ ಹೊಸದರಲ್ಲೇ ಅಲ್ಲಿನ ಪುಸ್ತಕಾಲಯಕ್ಕೆ ಹೋಗಿ ಪತ್ರಿಕೆಗಳನ್ನು ತಿರುವುತ್ತಿದ್ದಾಗ ರುದರ್‌ಫರ್ಡನ ಈ ಲೇಖನ ಅವನ ಕಣ್ಣಿಗೆ ಬಿತ್ತು. ಪತ್ರಿಕೆಯನ್ನು ಮುಚ್ಚುವ ಹೊತ್ತಿಗೆ ತನಗೆ ಉತ್ತರ ಹೊಳೆದಿತ್ತೆಂದು ಅವನೇ ಮುಂದೆ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಉಚಿತ ವಾಚನಾಲಯ ನಡೆಸುವ ನಮಗೆ ಈ ಸಂಗತಿಯನ್ನು ಬರೆಯುವಾಗ ಕೊಂಚ ಸಂತೋಷವಾದರೆ ಓದುಗರು ಕ್ಷಮಿಸಬೇಕು. ಅದೇ ವಾರಗಳಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಗರ್ನಿ ಮತ್ತು ಕಾಂಡನ್ ಎಂಬಿಬ್ಬರು, ಗ್ಯಾಮೊನ ಸುದ್ದಿಯೇ ತಿಳಿಯದೆ, ಇದೇ ಉತ್ತರವನ್ನು ಕಂಡುಕೊಂಡರು. ಹೆಸರು ಬಹುಮಟ್ಟಿಗೆ ಗ್ಯಾಮೊನಿಗೆ ಹೋಯಿತು. ನ್ಯಾಯವಾಗಿ ಮೂವರಿಗೂ ಸಲ್ಲಬೇಕು.

ಉತ್ತರವನ್ನು ತಿಳಿಯುವುದಕ್ಕೆ ಮುಂಚೆ ಓದುಗರಿಂದ ಒಂದು ಸಣ್ಣ ಪ್ರಯೋಗ ಮಾಡಿಸಬೇಕೆಂದಿದ್ದೇವೆ. ಖರ್ಚಿಲ್ಲ. ನೇರ ಗೋಡೆಯ ಗಾಜಿನ ಲೋಟವೊಂದಕ್ಕೆ ನೀರು ತುಂಬಿ ಕೈಯಲ್ಲಿ ಹಿಡಿಯಿರಿ. ಮೇಲಿನಿಂದ, ನೀರಿನ ಮೂಲಕ, ಕಡಿದಾಗಿ ಲೋಟದ ಒಳಗೋಡೆಯನ್ನು ನೋಡಿರಿ. ಗೋಡೆ ಬೆಳ್ಳಿಯ ತಗಡಿನಂತೆ ಹೊಳೆಯುತ್ತದೆ. ಹೊರಗೆ ಹಿಡಿದ ನಿಮ್ಮ ಬೆರಳುಗಳೇ ಕಾಣುವುದಿಲ್ಲ. ಬೆಳಕು ಗಾಜಿನ ಹೊರಮೈಯವರೆಗೆ ಹೋಗಿ, ಆಚೆಗಿನ ಗಾಳಿಗೆ ಕಾಲಿಡಲಾರದೆ, ಪೂರ್ತಿ ಹಿಂದಿರುಗುತ್ತಿದೆ. ಈಗ ಬೆರಳನ್ನು ಗಟ್ಟಿಯಾಗಿ ಒತ್ತಿರಿ. ಬೆರಳ ತುದಿಯ ಗೆರೆಗಳು ಮಾತ್ರ ಒಂದೊಂದಾಗಿ ಬಿಡಿಸಿ ಕಾಣುತ್ತವೆ, ಹೆಬ್ಬೆಟ್ಟಿನ ಗುರುತು ಒತ್ತಿದ ಹಾಗೆ. ಗೆರೆಗಳ ನಡುವಿನ ತಗ್ಗುಗಳು ಬೆಳ್ಳಿಯಾಗಿಯೇ ಉಳಿಯುತ್ತವೆ.

ಇದರ ಅರ್ಥವೇನು? ಬೆಳಕು ಅಲೆ. ಅಲೆಯನ್ನು ಗೋಡೆಯೊಂದು ಹಿಂದಿರುಗಿಸಿದಾಗ ಅದು ಗೋಡೆಯ ಮೇಲ್ಮೈಯಲ್ಲೇ ಕತ್ತರಿಸಿದಂತೆ ನಿಲ್ಲುವುದಿಲ್ಲ. ಆಚೆಗೂ ಕೊಂಚ ದೂರ, ಬೇಗ ಬೇಗ ಸಣ್ಣಗಾಗುತ್ತ, ಇಳುಕಿರುತ್ತದೆ. ಆ ಇಳುಕು ಪೂರ್ತಿ ಅಡಗುವ ಮೊದಲೇ ಅಲ್ಲಿ ಯಾರಾದರೂ ಎದುರಾದರೆ, ಬೆಳಕು ಅವರಿಗೆ ದಾಟಿಬಿಡುತ್ತದೆ. ಬೆರಳಿನ ಗೆರೆ ಗಾಜಿಗೆ ತೀರ ಸಮೀಪ ಬಂದುದರಿಂದ ಬೆಳಕು ಅದಕ್ಕೆ ದಾಟಿತು. ತಗ್ಗು ದೂರವಿದ್ದುದರಿಂದ ಅಲ್ಲಿಗೆ ದಾಟಲಿಲ್ಲ. ಇಲ್ಲಿ ‘ದೂರ’ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು.

ಪರಮಾಣು ಲೋಕದಲ್ಲಿ ಕಣಗಳಿಗೂ ಅಲೆಯ ಗುಣವಿದೆಯೆಂದು 1920ರ ದಶಕದಲ್ಲಿ ದ ಬ್ರಾಯ್ ಹೇಳಿದ, ಶ್ರೋಡಿಂಗರ್ 1926ರಲ್ಲಿ ಅದಕ್ಕೆ ಸಮೀಕರಣ ಬರೆದ. ಆ ಅಲೆ ಎಲ್ಲಿ ದೊಡ್ಡದೋ ಅಲ್ಲಿ ಕಣ ಸಿಗುವ ಸಂಭವ ಹೆಚ್ಚು, ಎಲ್ಲಿ ಸಣ್ಣದೋ ಅಲ್ಲಿ ಕಡಿಮೆ ಎಂದು ಅದೇ ವರ್ಷ ಅರ್ಥ ಹೇಳಿದವನು ಗಾಟಿಂಗೆನ್ನಿನವನೇ ಆದ ಮ್ಯಾಕ್ಸ್ ಬಾರ್ನ್. ಗ್ಯಾಮೊ ಮಾಡಿದ್ದು ಇವನ್ನೆಲ್ಲ ಬೀಜಕೇಂದ್ರದ ಒಳಕ್ಕೆ ಕೊಂಡೊಯ್ದದ್ದು. ಆಲ್ಫಾ ಕಣದ ಅಲೆ ಕುಳಿಯೊಳಗೆ ದೊಡ್ಡದಾಗಿದೆ. ಗುಡ್ಡದ ಮೈಯೊಳಗೆ ಅದು ಇಳುಕಿ ಸಣ್ಣಗಾಗುತ್ತ ಹೋಗುತ್ತದೆ. ಆದರೆ ಗುಡ್ಡಕ್ಕೆ ಆಚೆಬದಿಯೂ ಉಂಟಷ್ಟೆ! ಅಲ್ಲಿಗೆ ತಲಪುವಾಗ ಅಲೆ ಇನ್ನೂ ಸೊನ್ನೆಯಾಗಿರುವುದಿಲ್ಲ. ಅಲ್ಲಿ ಉಳಿದ ಆ ಇಷ್ಟೇ ಇಷ್ಟು ಅಲೆಯೇ ಕಣ ಹೊರಗೆ ಸಿಗುವ ಸಂಭವ.

ಈಗ ಚಕ್ರಬಡ್ಡಿಯ ಲೆಕ್ಕಕ್ಕೆ ಬರೋಣ. ಬೀಜಕೇಂದ್ರದ ಅಳತೆಗೆ ಫರ್ಮಿ ಎಂಬ ಮಾನದಂಡವಿದೆ: ಒಂದು ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು. ಥೋರಿಯಂನಲ್ಲಿ ಗುಡ್ಡದ ಒಳ ಅಂಚು ನಡುವಿನಿಂದ ಸುಮಾರು 9 ಫರ್ಮಿ ದೂರದಲ್ಲಿದೆ. 4 ಮಾನದ ಎತ್ತರದಲ್ಲಿ ಅಡ್ಡ ಹೋದರೆ ಹೊರ ಅಂಚು ಸಿಗುವುದು 62ನೆಯ ಫರ್ಮಿಯಲ್ಲಿ. ದಪ್ಪ 53 ಫರ್ಮಿ. ಪೊಲೊನಿಯಂ-212ರ ಗುಡ್ಡವೂ ಬಹಳ ಕಡಿಮೆಯದಲ್ಲ, ಸುಮಾರು 26 ಮಾನ. ಆದರೆ ಆ ಕಣ 8.8 ಮಾನದ ಎತ್ತರದಲ್ಲಿ ನಿಂತಿದೆ. ಗುಡ್ಡದ ಬುಡ ಅಗಲ, ಮೇಲೆ ಹೋದಂತೆ ಕಿರಿದು. ಆದ್ದರಿಂದ ಅದಕ್ಕೆ ಹೊರ ಅಂಚು 26ನೆಯ ಫರ್ಮಿಯಲ್ಲೇ ಸಿಗುತ್ತದೆ. ದಪ್ಪ 17 ಫರ್ಮಿ ಮಾತ್ರ.

ದಾಟುವ ಸಂಭವ ಒಂದೊಂದು ಫರ್ಮಿಗೂ ಸರಾಸರಿಯಲ್ಲಿ ಐದರಲ್ಲೋ ಏಳರಲ್ಲೋ ಒಂದು ಪಾಲಿಗೆ ಇಳಿಯುತ್ತದೆ. ಹಾಗೆ 17 ಸಲ ಇಳಿಸಿದರೆ ಉಳಿಯುವುದು 1ರ ಮುಂದೆ 14 ಸೊನ್ನೆ ಇಟ್ಟರೆ ಅಷ್ಟರಲ್ಲಿ ಒಂದು. 53 ಸಲ ಇಳಿಸಿದರೆ 1ರ ಮುಂದೆ 39 ಸೊನ್ನೆ ಇಟ್ಟಷ್ಟರಲ್ಲಿ ಒಂದು. ನಮ್ಮ ಇಡೀ ಒಗಟು ಇಷ್ಟರಲ್ಲಿ ಬಿಡಿಸಿಕೊಂಡಿತು. ದಪ್ಪ ಮೂರೇ ಪಟ್ಟು ಹೆಚ್ಚಿತು. ಆದರೆ ಇದು ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಸಾಲ ಮಾಡಿದವರಿಗೆ ಚಕ್ರಬಡ್ಡಿಯ ರುಚಿ ಗೊತ್ತಿರುತ್ತದೆ. ಇಲ್ಲಿ ಬೆಳೆಯುವುದರ ಬದಲು ಕರಗುತ್ತದೆ, ಅಷ್ಟೇ ಭೇದ.

ಇಷ್ಟು ಸಣ್ಣ ಸಂಭವವಿದ್ದರೂ ಕಣ ಹೊರಬರುವುದು ಹೇಗೆಂದರೆ, ಅದು ಒಂದು ಸಲ ಬಾಗಿಲು ತಟ್ಟಿ ಸುಮ್ಮನಾಗುವ ಜಾತಿಯದಲ್ಲ. ಒಳಗೆ ಅದರ ಓಟ ಬಹಳ ಬಿರುಸು, ಕೋಣೆ ಬಹಳ ಇಕ್ಕಟ್ಟು. ಸೆಕೆಂಡಿಗೆ 1ರ ಮುಂದೆ 21 ಸೊನ್ನೆಗಳಷ್ಟು ಸಲ ಅದು ಗೋಡೆಗೆ ಬಡಿಯುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಈ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಭಾಗಿಸಿ ನೋಡಿರಿ. ಥೋರಿಯಂಗೆ ಸಾವಿರ ಕೋಟಿ ವರ್ಷಗಳ ಮೇಲೆ ಬರುತ್ತದೆ, ಪೊಲೊನಿಯಂಗೆ ಸೆಕೆಂಡಿನ ಕೋಟಿಯಲ್ಲಿ ಒಂದೆರಡು ಪಾಲು. ಅಳೆದು ಕಂಡ ಅರ್ಧಾಯುಷ್ಯಗಳೂ ಆ ಮಟ್ಟದವೇ. ಇಷ್ಟು ಒರಟು ಲೆಕ್ಕ 24 ಸೊನ್ನೆಗಳ ಅಂತರವನ್ನು ಹಿಡಿದುಕೊಟ್ಟಿತೆಂದರೆ ಅದು ಸಣ್ಣ ಮಾತಲ್ಲ.

ಇದಕ್ಕೆ ವಿಜ್ಞಾನಿಗಳು ‘ಸುರಂಗ ಹಾಯುವುದು’ ಎಂದು ಹೆಸರಿಟ್ಟಿದ್ದಾರೆ. ಹೆಸರು ನಮಗೆ ಅಷ್ಟು ಒಪ್ಪಿಗೆಯಿಲ್ಲ. ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ರತ್ನಾಗಿರಿಯ ಹತ್ತಿರ ಆರೂವರೆ ಕಿಲೋಮೀಟರಿನ ಕರಬುಡೆ ಸುರಂಗ ಸಿಗುತ್ತದಲ್ಲ, ಅದನ್ನು ಜನ ಬೆವರು ಸುರಿಸಿ ಕೊರೆದಿದ್ದಾರೆ. ಒಮ್ಮೆ ಕೊರೆದ ಮೇಲೆ ಎಲ್ಲ ಗಾಡಿಗಳಿಗೂ ದಾರಿ. ಬೀಜಕೇಂದ್ರದ ಗುಡ್ಡದಲ್ಲಿ ತೂತಿಲ್ಲ. ಒಂದು ಕಣ ದಾಟಿದ್ದರಿಂದ ಇನ್ನೊಂದಕ್ಕೆ ದಾರಿಯೇನೂ ಆಗುವುದಿಲ್ಲ. ಮತ್ತೆ ಕೆಲವು ಪುಸ್ತಕಗಳು, ಕಣ ಯಾರಿಂದಲೋ ಒಂದು ಗಳಿಗೆಗೆ ಶಕ್ತಿಯನ್ನು ಕಡ ತಂದು, ಗುಡ್ಡ ಹತ್ತಿ ಇಳಿದು, ತೀರಿಸಿಬಿಡುತ್ತದೆ ಎಂದು ಬರೆಯುತ್ತವೆ. ಕೇಳಲು ಸೊಗಸು, ಆದರೆ ಗ್ಯಾಮೊನ ಲೆಕ್ಕದಲ್ಲಿ ಎಲ್ಲಿಯೂ ಸಾಲದ ಬಾಬತ್ತಿಲ್ಲ. ಕಣದ ಶಕ್ತಿ ಮೊದಲಿಗೂ ಅಷ್ಟೇ, ಕೊನೆಗೂ ಅಷ್ಟೇ.

ಇನ್ನು ಅರ್ಧಾಯುಷ್ಯವೆಂಬ ಮಾತಿನ ಬಗ್ಗೆ ಒಂದು ಎಚ್ಚರಿಕೆ. ವಿಮಾ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಗೊತ್ತು: 25 ವರ್ಷದವನಿಗೆ ಒಂದು ಕಂತು, 55 ವರ್ಷದವನಿಗೆ ಇನ್ನೊಂದು. ವಯಸ್ಸಾದಂತೆ ಸಾವಿನ ಸಂಭವ ಏರುತ್ತದೆ. ಪರಮಾಣುವಿಗೆ ಮುಪ್ಪಿಲ್ಲ. ಭೂಮಿಗಿಂತ ಹಳೆಯದಾದ ಥೋರಿಯಂ ಪರಮಾಣುವಿಗೂ, ನಿನ್ನೆ ಹುಟ್ಟಿಸಿದ ಥೋರಿಯಂ ಪರಮಾಣುವಿಗೂ ನಾಳೆ ಒಡೆಯುವ ಸಂಭವ ಒಂದೇ. ಇಷ್ಟು ಕಾಲ ತಡೆದುಕೊಂಡೆನೆಂದು ಅದರ ಗೋಡೆ ತೆಳುವಾಗಿರುವುದಿಲ್ಲ. ಪ್ರತಿ ಬಡಿತವೂ ಮೊದಲ ಬಡಿತವೇ. ಒಂದು ಗ್ರಾಮಿನಲ್ಲಿ ಈ ಸೆಕೆಂಡು 4,000 ಒಡೆಯುತ್ತವೆ ಎಂದು ಧೈರ್ಯವಾಗಿ ಹೇಳಬಹುದು. ಯಾವ 4,000 ಎಂದು ಕೇಳಿದರೆ ಹೇಳಲು ಲೆಕ್ಕದೊಳಗೆ ಏನೂ ಇಲ್ಲ. ಇದು ನಮ್ಮ ಅಜ್ಞಾನದಿಂದಲೋ ಅಥವಾ ಜಗತ್ತಿನ ಕಟ್ಟೇ ಹೀಗೋ ಎಂಬ ಚರ್ಚೆ ಐನ್‌ಸ್ಟೈನನ ಕಾಲದಿಂದ ನಡೆದಿದೆ. ಅವನಿಗೆ ಇದು ಹಿಡಿಸಲಿಲ್ಲ. ಪ್ರಯೋಗಗಳು ಇದುವರೆಗೆ ಅವನ ಪಕ್ಷವನ್ನು ಬೆಂಬಲಿಸಿಲ್ಲ.

ಹೊರಗೆ ಬರಲು ಸಾಧ್ಯವಾದ ದಾರಿಯಲ್ಲಿ ಒಳಗೆ ಹೋಗಲೂ ಸಾಧ್ಯ. ಹೈಡ್ರೋಜನ್ನಿನ ಬೀಜಕೇಂದ್ರಗಳೆರಡು ಕೂಡಬೇಕಾದರೆ ಅವುಗಳ ನಡುವೆಯೂ ಇಂಥ ಗುಡ್ಡವಿದೆ. ಸೂರ್ಯನ ನಡುವೆ ಒಂದೂವರೆ ಕೋಟಿ ಡಿಗ್ರಿ ಕಾವಿದ್ದರೂ ಅಲ್ಲಿನ ಕಣದ ಸಾಮಾನ್ಯ ಶಕ್ತಿ ಗುಡ್ಡದ ಎತ್ತರದ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಹಳೆಯ ಲೆಕ್ಕದಂತೆ ಸೂರ್ಯ ಉರಿಯಬಾರದು. ಗುಡ್ಡವನ್ನು ಹತ್ತದೆ ದಾಟುವುದರಿಂದಲೇ ಉರಿಯುತ್ತಾನೆಂದು ಆಟ್ಕಿನ್‌ಸನ್ ಮತ್ತು ಹೌಟರ್‌ಮನ್ಸ್ 1929ರಲ್ಲಿ ತೋರಿಸಿದರು. ಹಾಗೆಯೇ ಕೇಂಬ್ರಿಜ್ಜಿನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಗ್ಯಾಮೊನ ಲೆಕ್ಕವನ್ನು ನಂಬಿ, ಸಾಧಾರಣ ವೇಗದ ಪ್ರೋಟಾನುಗಳಿಂದಲೇ 1932ರಲ್ಲಿ ಲಿಥಿಯಂ ಬೀಜಕೇಂದ್ರವನ್ನು ಒಡೆದರು.

ಮ್ಯಾಂಟಲ್ ಮಾತಿನಿಂದ ಹೊರಟುದರಿಂದ ಅದರ ಬಗ್ಗೆ ಬಳಕೆಯ ಮಾತೊಂದನ್ನು ಹೇಳಲೇಬೇಕು. ಆಲ್ಫಾ ಕಣವನ್ನು ಒಂದು ಹಾಳೆ ಕಾಗದವೇ ತಡೆಯುತ್ತದೆ. ನಮ್ಮ ಮೇಲ್ಚರ್ಮವೂ ತಡೆಯುತ್ತದೆ. ಆದರೆ ಪುಡಿ ಉಸಿರಿನೊಂದಿಗೆ ಒಳಗೆ ಹೋದರೆ ತಡೆಯುವ ಚರ್ಮ ಅಲ್ಲಿಲ್ಲ. ಊರಿನ ಮನೆಯ ಅಟ್ಟದಲ್ಲಿ ಹಳೆಯ ಪೆಟ್ರೋಮ್ಯಾಕ್ಸ್ ಇದ್ದರೆ ಅದರ ಒಡೆದ ಜಾಲರಿಯ ಪುಡಿಯನ್ನು ಬಾಯಿಂದ ಊದಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಒದ್ದೆ ಬಟ್ಟೆಯಿಂದ ಒರಸಿ, ಕೈ ತೊಳೆದುಕೊಳ್ಳಿ.

ಗ್ಯಾಮೊನ ಲೆಕ್ಕ ಎಲ್ಲವನ್ನೂ ಹೇಳಿತೆಂದೇನೂ ಅಲ್ಲ. ಬೀಜಕೇಂದ್ರದೊಳಗೆ ಆಲ್ಫಾ ಕಣ ಸಿದ್ಧವಾಗಿ ಕುಳಿತಿರುತ್ತದೆಂದು ಅವನು ಇಟ್ಟುಕೊಂಡ. ಅಲ್ಲಿನ ಪ್ರೋಟಾನು ನ್ಯೂಟ್ರಾನುಗಳು ನಾಲ್ಕು ನಾಲ್ಕಾಗಿ ಕೂಡಿಕೊಳ್ಳುವುದು ಹೇಗೆ, ಎಷ್ಟು ಸಲ ಎಂಬುದು ಬೇರೆಯೇ ಕಷ್ಟದ ಪಾಠ, ಇಂದಿಗೂ ಅದರಲ್ಲಿ ಕೆಲಸ ನಡೆಯುತ್ತಿದೆ. ಆದರೆ ಶಕ್ತಿ ಕಡಿಮೆಯಾದಂತೆ ಆಯುಷ್ಯ ಎಲ್ಲೆ ಮೀರಿ ಬೆಳೆಯುತ್ತದೆಂಬ ಅವನ ಮಾತು ಎಷ್ಟು ದೂರ ನಿಲ್ಲುತ್ತದೆ ಎಂಬುದಕ್ಕೆ 2003ರಲ್ಲಿ ಫ್ರಾನ್ಸಿನಿಂದ ಸುದ್ದಿ ಬಂತು. ಬಿಸ್ಮತ್ ಎಂಬ ಲೋಹ ಎಂದಿಗೂ ಒಡೆಯದೆಂದೇ ಪಠ್ಯಪುಸ್ತಕಗಳಲ್ಲಿ ಬರೆದಿತ್ತು. ಅಲ್ಲಿನ ವಿಜ್ಞಾನಿಗಳು ಬಿಸ್ಮತ್ ಇರುವ ಹರಳೊಂದನ್ನು ಸೊನ್ನೆಯುಷ್ಣತೆಗೆ ಅತಿ ಸಮೀಪ ತಣಿಸಿಟ್ಟು ಕಾದರು. 3.1 ಮಾನದ ಆಲ್ಫಾ ಕಣಗಳು, ಬೆರಳೆಣಿಸುವಷ್ಟು ನಿಧಾನವಾಗಿ, ಒಂದೊಂದೇ ಹೊರಬಂದುವು. ಅರ್ಧಾಯುಷ್ಯ ಲೆಕ್ಕ ಹಾಕಿದಾಗ 2ರ ಮುಂದೆ 19 ಸೊನ್ನೆ ಇಟ್ಟಷ್ಟು ವರ್ಷ ಬಂತು. ವಿಶ್ವದ ವಯಸ್ಸಿನ ನೂರು ಕೋಟಿ ಪಟ್ಟಿಗಿಂತಲೂ ಹೆಚ್ಚು.